ಕಕಾವೋ ಬಟ್ಟಲು, ಕೋಕೋ ತೋಟ

ಕೇಳುಗರಿಗೆ ನಮಸ್ಕಾರ.

ಶನಿವಾರ, ಭಾನುವಾರ ಬಂತೆಂದರೆ ದೇವರಾಯನದುರ್ಗದ ರಸ್ತೆಯಲ್ಲಿ ಬೆಂಗಳೂರಿನ ಕಾರುಗಳು ಸಾಲುಗಟ್ಟುತ್ತವೆ. ನಂದಿಬೆಟ್ಟದ ಕಡೆಯಂತೂ ಹೇಳುವುದೇ ಬೇಡ. ಬಂದವರಲ್ಲಿ ದೇವರಿಗೆ ಕೈ ಮುಗಿಯುವವರಿದ್ದಾರೆ, ಬೆಟ್ಟ ಹತ್ತುವವರಿದ್ದಾರೆ, ತೋಟದ ಮನೆಗಳಲ್ಲಿ ನಡೆಯುವ ಯೋಗ, ಧ್ಯಾನದ ಶಿಬಿರಗಳಿಗೆ ಹೋಗುವವರೂ ಇದ್ದಾರೆ. ಇಂಥ ಶಿಬಿರಗಳ ಪಟ್ಟಿಗೆ ಈಚೆಗೆ ಸೇರಿರುವ ಒಂದು ಹೊಸ ಆಚರಣೆ ಎಂದರೆ ಕಕಾವೋ ಸೆರೆಮನಿ. ಗುಬ್ಬಿ ಕಡೆಯ ಅಡಿಕೆ ತೋಟದಲ್ಲಿ ನಾಲ್ಕು ಕೋಕೋ ಗಿಡ ನೆಟ್ಟುಕೊಂಡಿರುವ ನನ್ನಂಥವರಿಗೆ ಇದರಲ್ಲಿ ಮಾತಾಡುವ ಹಕ್ಕು ಸ್ವಲ್ಪ ಇದೆ ಅಂದುಕೊಂಡಿದ್ದೇನೆ. ಯಾಕೆಂದರೆ ಆ ಕಕಾವೋ ಬೇರೆ ಏನೂ ಅಲ್ಲ, ಅಡಿಕೆಯ ನೆರಳಲ್ಲಿ ನಿಂತು, ಕಾಂಡಕ್ಕೇ ಕಾಯಿ ಕಚ್ಚುವ ನಮ್ಮ ಕೋಕೋನೇ.

ಮೊದಲು ಅಲ್ಲಿ ಏನು ನಡೆಯುತ್ತದೆ ಎಂದು ಹೇಳಿಬಿಡುತ್ತೇನೆ. ಹತ್ತಿಪ್ಪತ್ತು ಜನ ವೃತ್ತಾಕಾರವಾಗಿ ಚಾಪೆಯ ಮೇಲೆ ಕೂರುತ್ತಾರೆ. ನಡುವೆ ಹೂವು, ದೀಪ. ಕೋಕೋ ಬೀಜವನ್ನು ಹುರಿದು, ಸಿಪ್ಪೆ ತೆಗೆದು ನುಣ್ಣಗೆ ಅರೆದ ಮುದ್ದೆಯನ್ನು ಬಿಸಿ ನೀರಿಗೆ ಕದಡಿ, ಚಿಟಿಕೆ ಮೆಣಸಿನಪುಡಿ, ಚಕ್ಕೆ, ಬೇಕಾದರೆ ಬೆಲ್ಲ ಹಾಕಿ ಎಲ್ಲರಿಗೂ ಒಂದೊಂದು ಬಟ್ಟಲು ಕೊಡುತ್ತಾರೆ. ಬಟ್ಟಲನ್ನು ಎದೆಗೆ ಹಿಡಿದು ಮನಸ್ಸಿನಲ್ಲಿ ಒಂದು ಸಂಕಲ್ಪ ಮಾಡಿಕೊಳ್ಳಬೇಕು. ಆಮೇಲೆ ನಿಧಾನವಾಗಿ ಕುಡಿಯುವುದು, ಉಸಿರಾಟ, ಹಾಡು, ಕುಣಿತ. ಕೊನೆಗೆ ಮನಸ್ಸಿನ ಮಾತು ಹಂಚಿಕೊಳ್ಳುವುದು. ಕುಡಿದವರು ಹೃದಯ ಅರಳಿತು ಎನ್ನುತ್ತಾರೆ. ಇದು ಮೆಕ್ಸಿಕೋ, ಗ್ವಾಟೆಮಾಲಾ ಕಡೆಯ ಮೂಲನಿವಾಸಿಗಳಾದ ಮಾಯಾ ಜನರ ಸಾವಿರಾರು ವರ್ಷಗಳ ಪದ್ಧತಿ ಎಂದು ನಡೆಸಿಕೊಡುವವರು ಹೇಳುತ್ತಾರೆ.

ಸಾವಿರಾರು ವರ್ಷಗಳ ಮಾತು ಅರ್ಧ ನಿಜ. ಈಕ್ವೆಡಾರ್ ದೇಶದ ಸಾಂತಾ ಆನಾ ಲಾ ಫ್ಲೋರಿಡಾ ಎಂಬಲ್ಲಿ ಸಿಕ್ಕ ಮಡಕೆಗಳಲ್ಲಿ ಸುಮಾರು 5,300 ವರ್ಷ ಹಿಂದಿನ ಕೋಕೋ ಕುರುಹು ಇದೆ ಎಂದು 2018ರಲ್ಲಿ ವಿಜ್ಞಾನಿಗಳು ತೋರಿಸಿದರು. ಗ್ವಾಟೆಮಾಲಾದ ರಿಯೋ ಅಸುಲ್‌ನ ಒಂದು ಗೋರಿಯಲ್ಲಿ ಕೋಕೋ ಎಂದು ಮಾಯಾ ಲಿಪಿಯಲ್ಲಿ ಬರೆದಿದ್ದ ಗಡಿಗೆಯೇ ಸಿಕ್ಕಿತು. ಪ್ರಯೋಗಾಲಯದಲ್ಲಿ ನೋಡಿದಾಗ ಒಳಗೆ ಅಂಟಿದ್ದೂ ಕೋಕೋನೇ. ಮದುವೆಯ ಮಾತುಕತೆಗೆ, ರಾಜರ ಔತಣಕ್ಕೆ, ಸತ್ತವರ ಜೊತೆ ಇಡುವುದಕ್ಕೆ, ಎಲ್ಲಕ್ಕೂ ಅವರಿಗೆ ಕೋಕೋ ಬೇಕಿತ್ತು. ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತರದಿಂದ ಹೊಯ್ದು ನೊರೆ ಬರಿಸುತ್ತಿದ್ದರು, ನೊರೆಯೇ ಅದರ ಹೆಚ್ಚುಗಾರಿಕೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬೇರೆ ಒಂದು ಹಬ್ಬ. 16ನೇ ಶತಮಾನದಲ್ಲಿ ಮೆಕ್ಸಿಕೋದ ಯುಕಟಾನ್‌ನಲ್ಲಿದ್ದ ಸ್ಪೇನಿನ ಪಾದ್ರಿ ದಿಯೆಗೋ ದೆ ಲಾಂಡಾ ಅದನ್ನು ಬರೆದಿಟ್ಟಿದ್ದಾನೆ. ಮಾಯಾ ಜನರ ಪುಸ್ತಕಗಳನ್ನು 1562ರಲ್ಲಿ ರಾಶಿ ಹಾಕಿ ಸುಟ್ಟವನೂ ಇವನೇ, ಅವರ ಬದುಕಿನ ಬಗ್ಗೆ ನಮಗೆ ಅತಿ ಹೆಚ್ಚು ಹೇಳುವವನೂ ಇವನೇ. ಮುವಾನ್ ಎಂಬ ತಿಂಗಳಲ್ಲಿ ಕೋಕೋ ತೋಟದ ಯಜಮಾನರು ಎಕ್ ಚುವಾಹ್ ಮೊದಲಾದ ದೇವರಿಗೆ ಹಬ್ಬ ಮಾಡುತ್ತಿದ್ದರಂತೆ. ಎಕ್ ಚುವಾಹ್ ವ್ಯಾಪಾರಿಗಳ ದೇವರು. ಎಲ್ಲರೂ ತಮ್ಮಲ್ಲೇ ಒಬ್ಬರ ತೋಟಕ್ಕೆ ಹೋಗಿ ಸೇರುತ್ತಿದ್ದರು. ಮೈಮೇಲೆ ಕೋಕೋ ಬಣ್ಣದ ಮಚ್ಚೆಯಿರುವ ನಾಯಿಯನ್ನು ಬಲಿ ಕೊಡುತ್ತಿದ್ದರು, ಧೂಪ ಹಾಕುತ್ತಿದ್ದರು. ಪೂಜೆ ಮುಗಿದ ಮೇಲೆ ಊಟ, ಕುಡಿತ. ಆದರೆ ಹೆಂಡ ತಲಾ ಮೂರು ಸಲ ಮಾತ್ರ, ಅದಕ್ಕಿಂತ ಹೆಚ್ಚಿಲ್ಲ. ಗಮನಿಸಿ, ಇದು ತೋಟದವರ ಹಬ್ಬ. ಮಳೆ, ಕಾಯಿ, ಮಾರಾಟ ಇವೆಲ್ಲ ನೆಟ್ಟಗಿರಲಿ ಎಂದು ಬೆಳೆದವರೇ ಬೇಡಿಕೊಂಡ ಹಬ್ಬ. ಈಗಿನ ಸೆರೆಮನಿಯಲ್ಲಿ ಸಂಕಲ್ಪ ಮಾಡುವವರಲ್ಲಿ ಎಷ್ಟೋ ಜನ ಕೋಕೋ ಕಾಯಿ ಹೇಗಿರುತ್ತದೆ ಎಂದು ನೋಡಿಯೇ ಇಲ್ಲ. ಇದನ್ನು ಕೊಂಕು ಮಾಡಲು ಹೇಳುತ್ತಿಲ್ಲ. ಬಂದು ನೋಡಲಿ ಎಂದು ಹೇಳುತ್ತಿದ್ದೇನೆ.

ಸ್ಪೇನಿನವರ ಕೈಗೆ ಸಿಕ್ಕ ಮೇಲೆ ಇದಕ್ಕೆ ಸಕ್ಕರೆ ಬಿತ್ತು, ಚರ್ಚಿನೊಳಗೂ ಹೊಕ್ಕಿತು. ಅಲ್ಲಿ ಒಂದು ಜಗಳವೇ ಹುಟ್ಟಿಕೊಂಡಿತು, ಉಪವಾಸದ ದಿನ ಚಾಕೊಲೇಟ್ ಕುಡಿದರೆ ಉಪವಾಸ ಮುರಿಯುತ್ತದೆಯೋ ಇಲ್ಲವೋ ಎಂದು. 1636ರಲ್ಲಿ ಆಂತೋನಿಯೋ ದೆ ಲಿಯೋನ್ ಪಿನೆಲೋ ಎಂಬಾತ ಇದಕ್ಕೇ ಒಂದು ಪುಸ್ತಕ ಬರೆದ. 1662ರಲ್ಲಿ ಕಾರ್ಡಿನಲ್ ಬ್ರಾಂಕಾಚೊ, ದ್ರವದಿಂದ ಉಪವಾಸ ಮುರಿಯುವುದಿಲ್ಲ ಎಂದು ಅಭಿಪ್ರಾಯ ಕೊಟ್ಟ. ಏಕಾದಶಿಯ ಬೆಳಿಗ್ಗೆ ಕಾಫಿ ನಡೆಯುತ್ತದೆಯೇ ಎಂದು ಪುರೋಹಿತರನ್ನು ಕೇಳುವ ನಮ್ಮ ಮನೆಯ ಹಿರಿಯರಿಗೆ ಈ ಕಾರ್ಡಿನಲ್ ತುಂಬ ಹಿಡಿಸುತ್ತಿದ್ದ.

ಈಗ ಆ ಅರ್ಧ ನಿಜದ ಇನ್ನರ್ಧಕ್ಕೆ ಬರೋಣ. ಗ್ವಾಟೆಮಾಲಾ, ಮೆಕ್ಸಿಕೋಗಳ ಮೂಲನಿವಾಸಿಗಳು ಇವತ್ತಿಗೂ ಕೋಕೋ ಕುಡಿಯುತ್ತಾರೆ. ಮೆಕ್ಸಿಕೋದ ಒಹಾಕಾದಲ್ಲಿ ಮೆಕ್ಕೆಜೋಳದ ಜೊತೆ ಅರೆದು ತೆಹಾತೆ ಎಂಬ ನೊರೆ ಪಾನೀಯ ಮಾಡುತ್ತಾರೆ, ಸಂತೆಯಲ್ಲಿ ಹೆಂಗಸರು ಮಾರುತ್ತಾರೆ. ಮಾಯಾ ಅಗ್ನಿಪೂಜೆಗಳಲ್ಲಿ ಕೋಕೋವನ್ನು ಬೆಂಕಿಗೆ ಅರ್ಪಿಸುವುದೂ ಉಂಟು. ಆದರೆ ಚಾಪೆ ಹಾಸಿ, ಶುಲ್ಕ ಪಡೆದು, ವೃತ್ತದಲ್ಲಿ ಕೂತು, ತಲಾ ಇಷ್ಟು ಗ್ರಾಮ್ ಎಂದು ಕುಡಿಯುವ ಈ ಕ್ರಮ ತೀರ ಈಚಿನದು. 2000ದ ಈಚೆಗೆ ಗ್ವಾಟೆಮಾಲಾದ ಅತಿತ್ಲಾನ್ ಸರೋವರದ ಸುತ್ತ ನೆಲೆಸಿದ ಪಾಶ್ಚಾತ್ಯರ ನಡುವೆ ಬೆಳೆದು ಜಗತ್ತಿಗೆಲ್ಲ ಹಬ್ಬಿತು. ಹೊಸದಾದ ಮಾತ್ರಕ್ಕೆ ಕೆಟ್ಟದ್ದೆಂದಲ್ಲ. ಆದರೆ ಹೊಸದನ್ನು ಹೊಸದೆಂದೇ ಹೇಳಿದರೆ ಆ ಊರಿನ ಜನಕ್ಕೂ ಮರ್ಯಾದೆ, ಇಲ್ಲಿ ದುಡ್ಡು ಕೊಟ್ಟವರಿಗೂ ಮರ್ಯಾದೆ.

ಇನ್ನು ಮೈಗೆ ಏನಾಗುತ್ತದೆ? ಒಂದು ಬಟ್ಟಲಿಗೆ ಸುಮಾರು 40 ಗ್ರಾಮ್ ಮುದ್ದೆ ಹಾಕುತ್ತಾರೆ ಎಂದಿಟ್ಟುಕೊಳ್ಳಿ. ಅದರಲ್ಲಿ ಅರ್ಧದಷ್ಟು, ಅಂದರೆ 20 ಗ್ರಾಮ್, ಕೋಕೋ ಬೆಣ್ಣೆ. 250 ಕ್ಯಾಲೊರಿ, ಒಂದು ತಿಂಡಿಗೆ ಸಮ. ಕಾಫಿಯಲ್ಲಿರುವ ಕೆಫೀನ್ ಇದರಲ್ಲಿ ಕಡಿಮೆ, ಸುಮಾರು 30 ಮಿಲಿಗ್ರಾಮ್. ಅದರ ತಮ್ಮನಂಥ ಥಿಯೋಬ್ರೊಮಿನ್ ಎಂಬುದು 500 ಮಿಲಿಗ್ರಾಮ್‌ವರೆಗೂ ಇರಬಹುದು. ಇದು ರಕ್ತನಾಳ ಸಡಿಲಿಸುತ್ತದೆ, ಎದೆಬಡಿತ ತುಸು ಏರಿಸುತ್ತದೆ, ಕೆಲವು ಗಂಟೆ ಮೈಯಲ್ಲಿ ಉಳಿಯುತ್ತದೆ. ಎದೆ ಬೆಚ್ಚಗಾಯಿತು ಎನ್ನುವುದಕ್ಕೆ ಕಾರಣ ಹುಡುಕುವುದಾದರೆ ಇಲ್ಲಿದೆ. ಮೆಗ್ನೀಸಿಯಮ್ ಕೂಡ ಚೆನ್ನಾಗಿದೆ. ಆನಂದಮೈಡ್ ಇದೆ, ಫೀನೈಲ್‌ಈಥೈಲ್‌ಅಮೀನ್ ಇದೆ, ಪ್ರೀತಿಯ ರಸಾಯನ ಎಂದೆಲ್ಲ ಹೇಳುತ್ತಾರಲ್ಲ, ಮೊದಲನೆಯದು ಲೆಕ್ಕಕ್ಕಿಲ್ಲದಷ್ಟು ಅಲ್ಪ, ಎರಡನೆಯದನ್ನು ಮಿದುಳು ಮುಟ್ಟುವ ಮೊದಲೇ ನಮ್ಮ ದೇಹ ಒಡೆದುಹಾಕುತ್ತದೆ. ಅಮೆರಿಕದಲ್ಲಿ 21,442 ಮಂದಿ ಹಿರಿಯರ ಮೇಲೆ ಕೋಕೋದಲ್ಲಿರುವ ಫ್ಲಾವನಾಲ್ ಎಂಬ ಸತ್ವದ ಮಾತ್ರೆಗಳ ಪರೀಕ್ಷೆ ಮಾಡಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೃದಯಾಘಾತ, ಪಾರ್ಶ್ವವಾಯು ಮುಂತಾದ ಒಟ್ಟು ತೊಂದರೆಗಳು ಖಚಿತವಾಗಿ ಹೇಳುವಷ್ಟು ಕಡಿಮೆಯಾಗಲಿಲ್ಲ. ಹೃದ್ರೋಗದ ಸಾವುಗಳು ಮಾತ್ರ ಕಡಿಮೆ ಕಂಡವು. ಅದೂ ಮಾತ್ರೆಯ ಮಾತು, ಬಟ್ಟಲಿನದಲ್ಲ. ಒಂದು ಗಂಟೆ ಫೋನ್ ಬದಿಗಿಟ್ಟು, ಹತ್ತು ಜನರ ಜೊತೆ ಸುಮ್ಮನೆ ಕೂತು ಬಿಸಿಬಿಸಿ ಕುಡಿದರೆ ಮನಸ್ಸು ಹಗುರಾಗುತ್ತದೆ. ಆ ಕೀರ್ತಿಯಲ್ಲಿ ಕೋಕೋವಿನ ಪಾಲೆಷ್ಟು, ಕೂತದ್ದರ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ನನ್ನ ಮತ ಕೂತದ್ದಕ್ಕೆ.

ಮಾರುವವರು ಸೆರೆಮೋನಿಯಲ್ ಗ್ರೇಡ್ ಎಂದು ಪೊಟ್ಟಣದ ಮೇಲೆ ಅಚ್ಚು ಹಾಕುತ್ತಾರೆ. ಅದಕ್ಕೆ ಸರ್ಕಾರದ ಯಾವ ಮಾನದಂಡವೂ ಇಲ್ಲ. ಬೆಣ್ಣೆ ಹಿಂಡದ ಇಡೀ ಬೀಜದ ಮುದ್ದೆ ಎನ್ನುವುದಷ್ಟೇ ಅದರ ತಿರುಳು. ಅಂಗಡಿಯ ಕೋಕೋ ಪುಡಿ ಹಾಗಲ್ಲ. 1828ರಲ್ಲಿ ಹಾಲೆಂಡಿನ ವಾನ್ ಹೌಟನ್‌ಗೆ ಪೇಟೆಂಟ್ ಸಿಕ್ಕ ಯಂತ್ರ ಬಂದ ಮೇಲೆ ಬೆಣ್ಣೆ ಹಿಂಡಿ ಉಳಿದ ಹಿಂಡಿಯೇ ಆ ಪುಡಿ. ಇಡೀ ಬೀಜ ಬೇಕೆಂದರೆ ಗ್ವಾಟೆಮಾಲಾದಿಂದ ತರಿಸಬೇಕಾಗಿಲ್ಲ. ಬೆಳೆಗಾರರ ಸಹಕಾರ ಸಂಸ್ಥೆಯಾದ ಮಂಗಳೂರಿನ ಕ್ಯಾಂಪ್ಕೋ 1986ರಿಂದ ಪುತ್ತೂರಿನಲ್ಲಿ ಚಾಕೊಲೇಟ್ ಮಾಡುತ್ತಿದೆ. ವಿಟ್ಲದಲ್ಲಿ ಕೋಕೋ ಸಂಶೋಧನೆ ನಡೆಯುತ್ತಿದೆ. ಹೇಮಾವತಿ ನಾಲೆಯೋ ಕೊಳವೆಬಾವಿಯೋ ಇರುವ ನಮ್ಮ ತೋಟಗಳಲ್ಲೂ ಅಡಿಕೆ, ತೆಂಗಿನ ನಡುವೆ ಅಲ್ಲಲ್ಲಿ ಗಿಡಗಳಿವೆ. 2024ರ ಕೊನೆಗೆ ಜಗತ್ತಿನ ಮಾರುಕಟ್ಟೆಯಲ್ಲಿ ಟನ್ನಿಗೆ 12,000 ಡಾಲರ್ ದಾಟಿದಾಗ ಕಡಿಯಲೆಂದು ಮಚ್ಚು ಮಸೆದಿಟ್ಟವರೂ ಮತ್ತೆ ಗಿಡ ಸವರಿ ಗೊಬ್ಬರ ಹಾಕಿದರು. ಆಮೇಲೆ ಬೆಲೆ ಇಳಿಯಿತು, ಗಿಡ ಉಳಿಯಿತು. ಅಳಿಲಿಗೆ ಮಾತ್ರ ಬೆಲೆಯ ಗೊಡವೆಯಿಲ್ಲ, ಹಣ್ಣು ಕೊರೆದು ತಿರುಳು ಚೀಪುತ್ತದೆ.

ಮನೆಯಲ್ಲಿ ಮಾಡುವವರಿಗೆ ದಾರಿ ಹೇಳುತ್ತೇನೆ. ಹಣ್ಣು ಒಡೆದರೆ ಬಿಳಿ ತಿರುಳಿನಲ್ಲಿ ಹುದುಗಿದ ಬೀಜ ಸಿಗುತ್ತವೆ. ಬಿದಿರು ಬುಟ್ಟಿಗೆ ಬಾಳೆಎಲೆ ಹಾಸಿ, ಬೀಜ ತುಂಬಿ, ಮೇಲೆ ಎಲೆ, ಗೋಣಿ ಮುಚ್ಚಿ ಹುದುಗಲು ಬಿಡಿ. ಒಳಗೆ ಬಿಸಿ ಏರುತ್ತದೆ, ಹುಳಿ ವಾಸನೆ ಬರುತ್ತದೆ, ಹೆದರಬೇಡಿ. ಮೂರನೇ ದಿನ, ಐದನೇ ದಿನ ಮಗುಚಿ, ಏಳನೇ ದಿನ ಬಿಸಿಲಿಗೆ ಹರಡಿ. ಈ ಹುದುಗು ತಪ್ಪಿದರೆ ಚಾಕೊಲೇಟಿನ ರುಚಿ ಹುಟ್ಟುವುದೇ ಇಲ್ಲ, ಬರೀ ಒಗರು. ಚೆನ್ನಾಗಿ ಒಣಗಿದ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಬಿಡಿಸಿ, ಮೊರದಲ್ಲಿ ಕೇರಿ, ಮಿಕ್ಸಿಗೆ ಹಾಕಿ ಬಿಟ್ಟುಬಿಟ್ಟು ಅರೆಯಿರಿ. ಬೆಣ್ಣೆ ಕರಗಿ ತಾನೇ ದೋಸೆ ಹಿಟ್ಟಿನಂತಾಗುತ್ತದೆ, ನೀರು ಹಾಕಬೇಡಿ. ಮೊದಲ ಸಲಕ್ಕೆ ಒಂದು ಬಟ್ಟಲಿಗೆ 15, 20 ಗ್ರಾಮ್ ಸಾಕು.

ರಕ್ತದೊತ್ತಡ, ಎದೆಬಡಿತದ ತೊಂದರೆ ಇರುವವರು, ಬಸುರಿಯರು, ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಆ ದೊಡ್ಡ ಬಟ್ಟಲಿಗೆ ಕೈ ಹಾಕಬೇಡಿ. ಶಿಬಿರದವರು ನಿಮ್ಮ ಮಾತ್ರೆಗಳ ಬಗ್ಗೆ ವಿಚಾರಿಸದಿದ್ದರೆ ನೀವೇ ಬಾಯಿಬಿಟ್ಟು ಹೇಳಿ. ಸಂಜೆಯ ಮೇಲೆ ಕುಡಿದರೆ ಕೆಲವರಿಗೆ ನಿದ್ದೆ ಹತ್ತುವುದಿಲ್ಲ, ಖಾಲಿ ಹೊಟ್ಟೆಗೆ ಹೆಚ್ಚಾದರೆ ವಾಕರಿಕೆ ಬರುತ್ತದೆ. ಇನ್ನು ತೋಟದ ಮನೆಯವರಿಗೆ ಒಂದು ಮಾತು. ಬಟ್ಟಲಲ್ಲಿ ಉಳಿದದ್ದನ್ನೂ ಕೇರಿದ ಸಿಪ್ಪೆಯನ್ನೂ ನಾಯಿಗೆ ಸಿಗುವ ಹಾಗೆ ಸುರಿಯಬೇಡಿ. ಥಿಯೋಬ್ರೊಮಿನ್ ಅದಕ್ಕೆ ವಿಷ. ನಮಸ್ಕಾರ.