ಯಾವ ಲಿಫ್ಟ್ ಹತ್ತಬೇಕು? ಮೊದಲು ಚಕ್ರ ನೋಡಿ

ನಮಸ್ಕಾರ. 10 ಮೀಟರ್ ಎತ್ತರದಲ್ಲಿ ಒಂದು ಲೈಟ್ ಕೆಟ್ಟಿದೆ ಅಂತಿಟ್ಟುಕೊಳ್ಳಿ. ಏಣಿ ಸಾಲದು, ನಿಂತವರನ್ನು ಮೇಲಕ್ಕೆತ್ತುವ ಲಿಫ್ಟ್ ಯಂತ್ರ ಬೇಕು. ಎಷ್ಟು ಎತ್ತರ ಹೋಗುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕಿಂತ ಮೊದಲು ಇದನ್ನು ಕೇಳಿ: ಮೇಲೆ ನಿಂತವರು ಚಕ್ರಗಳ ನೇರಕ್ಕೇ ಇರುತ್ತಾರಾ, ಇಲ್ಲಾ ಚಕ್ರ ದಾಟಿ ಆಚೆ ಹೋಗುತ್ತಾರಾ? ಈ ಯಂತ್ರಗಳನ್ನು ಎ ಮತ್ತು ಬಿ ಅಂತ ಎರಡು ಗುಂಪು ಮಾಡಿರುವುದೂ ಇದೇ ಲೆಕ್ಕದಲ್ಲಿ.

[ದೃಶ್ಯ: ಗೋದಾಮಿನೊಳಗೆ ಮೇಲೇಳುತ್ತಿರುವ ಸಿಸರ್ ಲಿಫ್ಟ್]

ಸಿಸರ್ ಲಿಫ್ಟ್ ಎ ಗುಂಪಿನದು. ಕತ್ತರಿ ಹಾಗೆ ಹೆಣೆದ ಉಕ್ಕಿನ ತೋಳುಗಳು. ಹೈಡ್ರಾಲಿಕ್ ಸಿಲಿಂಡರ್ ತಳ್ಳಿದರೆ ಪ್ಲಾಟ್‌ಫಾರ್ಮ್ ನೆಟ್ಟಗೆ ಮೇಲಕ್ಕೆ. ತೋಳುಗಳು ಮಡಚಿ ಮಲಗಿರುವಾಗಲೇ ಸಿಲಿಂಡರಿಗೆ ಭಾರ ಜಾಸ್ತಿ, ಏಳುತ್ತಾ ಹೋದ ಹಾಗೆ ಹಗುರ.

[ದೃಶ್ಯ: ಚಕ್ರಗಳ ಹತ್ತಿರದ ನೋಟ]

ಇಲ್ಲಿ ಅಡಿಯಲ್ಲಿ ನೋಡಿ. ಪ್ಲಾಟ್‌ಫಾರ್ಮ್ ಎದ್ದ ಕೂಡಲೇ ಎರಡೂ ಬದಿಯಿಂದ ಒಂದೊಂದು ಕಬ್ಬಿಣದ ಪಟ್ಟಿ ಇಳಿಯಿತು, ನೆಲಕ್ಕೆ ಇನ್ನೇನು ತಾಗುವ ಹಾಗೆ. ಇದು ಪಾಟ್‌ಹೋಲ್ ಗಾರ್ಡ್. ಚಕ್ರ ಗುಂಡಿಗೆ ಇಳಿದರೆ ಈ ಪಟ್ಟಿ ನೆಲಕ್ಕೆ ಊರಿ ಗಾಡಿ ಮಗುಚದ ಹಾಗೆ ಹಿಡಿಯುತ್ತದೆ. ಸಣ್ಣ ಗುಂಡಿ ತಾನೇ ಅನ್ನಬೇಡಿ. ಎಡಬಲ ಚಕ್ರಗಳ ನಡುವೆ 80 ಸೆಂ.ಮೀ. ಇದೆ ಅಂದರೆ, ಒಂದು ಕಡೆ ಬರೀ 2 ಸೆಂ.ಮೀ. ತಗ್ಗಿದರೂ 10 ಮೀಟರ್ ಮೇಲಿರುವವರು 25 ಸೆಂ.ಮೀ. ಪಕ್ಕಕ್ಕೆ ವಾಲುತ್ತಾರೆ.

ಬೂಮ್ ಲಿಫ್ಟ್ ಬಿ ಗುಂಪು. ಬೂಮ್ ಅಂದರೆ ಉದ್ದನೆಯ ತೋಳು. ಅದರ ತುದಿಯಲ್ಲಿ ನಾವು ನಿಲ್ಲುವ ಬಾಸ್ಕೆಟ್, ಅದು ಚಕ್ರ ದಾಟಿ ಆಚೆ ಹೋಗುತ್ತದೆ. ಟೆಲಿಸ್ಕೋಪಿಕ್ ಬೂಮ್ ನೇರವಾಗಿ ದೂರಕ್ಕೆ ಚಾಚುತ್ತದೆ. ಆರ್ಟಿಕ್ಯುಲೇಟಿಂಗ್ ಬೂಮ್ ನಮ್ಮ ಮೊಣಕೈ ಹಾಗೆ ಮಡಚುತ್ತದೆ. ನಡುವೆ ಪೈಪೋ ಗೋಡೆಯೋ ಅಡ್ಡ ಇದ್ದರೆ ಅದನ್ನು ದಾಟಿಸಿ ಬಾಸ್ಕೆಟ್ ಇಳಿಸಬಹುದು.

ಬೂಮ್‌ನಲ್ಲಿ ನನಗೆ ನಿಜಕ್ಕೂ ಭಯ ಹುಟ್ಟಿಸುವುದು ಒಂದಿದೆ. ಕೆಳಗೆ ಚಕ್ರ ಒಂದು ಕಲ್ಲು ಹತ್ತಿ ದಡಕ್ಕನೆ ಇಳಿದರೆ ಸಾಕು, ತುದಿಯ ಬಾಸ್ಕೆಟ್ ಕವಣೆ ಬೀಸಿದ ಹಾಗೆ ಬೀಸುತ್ತದೆ. ಕಂಬಿ ಇದ್ದರೂ ಮನುಷ್ಯ ಆಚೆ ಹಾರಿಬೀಳುತ್ತಾನೆ. ಅದಕ್ಕೇ ಬಾಸ್ಕೆಟ್ ನೆಲದಲ್ಲಿದ್ದಾಗಲೇ ಸೇಫ್ಟಿ ಹಾರ್ನೆಸ್ ಹಾಕಿ, ಹಗ್ಗ ಗಿಡ್ಡ ಇರಲಿ, ಬಾಸ್ಕೆಟ್ ಒಳಗಿನ ಕೊಂಡಿಗೇ ಸಿಕ್ಕಿಸಿ. ಪಕ್ಕದ ಕಂಬಕ್ಕೆ ಕಟ್ಟಿಕೊಂಡರೆ ಬಾಸ್ಕೆಟ್ ಸರಿದಾಗ ಹಗ್ಗ ನಿಮ್ಮನ್ನೇ ಎಳೆದು ಹಾಕುತ್ತದೆ.

ಉಳಿದವು ಬೇಗ ಹೇಳುತ್ತೇನೆ. ಸ್ಪೈಡರ್ ಲಿಫ್ಟ್ ಕಿರಿದಾದ ಬಾಗಿಲಲ್ಲೂ ನುಸುಳಿ, ಒಳಗೆ ಹೋಗಿ ಕಾಲು ಅಗಲಿಸಿ ನಿಲ್ಲುತ್ತದೆ. ಮಾಸ್ಟ್ ಲಿಫ್ಟ್, ಅಂದರೆ ನೆಟ್ಟಗಿನ ಕಂಬದ ಮೇಲೆ ಏರುವಂಥದ್ದು, ಒಬ್ಬಿಬ್ಬರ ಸಣ್ಣ ಕೆಲಸಕ್ಕೆ. ಬೀದಿದೀಪಕ್ಕೆ ಲಾರಿ ಮೇಲಿನ ಬಕೆಟ್. ಫೈಬರ್ ಬಕೆಟ್ ಇದೆಯಲ್ಲ ಅಂತ ಕರೆಂಟ್ ತಂತಿ ಹತ್ತಿರ ಹೋಗಬೇಡಿ, ಅದಕ್ಕೆ ಪರೀಕ್ಷೆ ಆಗಿರುವ, ಕರೆಂಟ್ ಹರಿಯದ ಇನ್ಸುಲೇಟೆಡ್ ಬೂಮೇ ಬೇಕು. ಫೋರ್ಕ್‌ಲಿಫ್ಟ್, ಚೈನ್ ಬ್ಲಾಕ್ ಸಾಮಾನು ಎತ್ತೋಕೆ. ಫೋರ್ಕ್ ಮೇಲೆ ಹಲಗೆ ಇಟ್ಟು ಮನುಷ್ಯರನ್ನು ಎತ್ತುವುದು ಬೇಡವೇ ಬೇಡ.

ಹೊರಗಿನ ಕೆಲಸಕ್ಕೆ ಗಾಳಿಯ ಮಿತಿ ಸಾಮಾನ್ಯವಾಗಿ ಸೆಕೆಂಡಿಗೆ 12.5 ಮೀಟರ್, ಅಂದರೆ ಗಂಟೆಗೆ 45 ಕಿ.ಮೀ. ನಿಮ್ಮ ಯಂತ್ರದ್ದು ಎಷ್ಟು ಅಂತ ಅದರ ಫಲಕದಲ್ಲೇ ಇರುತ್ತದೆ. ಒಳಾಂಗಣಕ್ಕೆ ಮಾತ್ರ ಅಂತ ಬರೆದಿದ್ದರೆ ಹೊರಗೆ ತರಲೇಬೇಡಿ. ಕಂಬಿಗೆ ಬ್ಯಾನರ್, ಟಾರ್ಪಾಲಿನ್ ಕಟ್ಟಿದರೆ ಅದು ಹಾಯಿ ಹಾಗೆ ಗಾಳಿ ಹಿಡಿಯುತ್ತದೆ.

[ದೃಶ್ಯ: ಗಾಡಿಯ ಬುಡದ ಕಂಟ್ರೋಲ್ ಪ್ಯಾನೆಲ್]

ಮೇಲಿದ್ದವರಿಗೆ ಪ್ರಜ್ಞೆ ತಪ್ಪಿದರೆ? ಅವರನ್ನು ಕೆಳಗಿನಿಂದ ಇಳಿಸೋಕೆ ಈ ಕಂಟ್ರೋಲ್ ಇದೆ. ಬ್ಯಾಟರಿಯೂ ಕೈಕೊಟ್ಟರೆ ಎಮರ್ಜೆನ್ಸಿ ವಾಲ್ವ್ ಇದೆ. ಕೆಳಗೆ ನಿಲ್ಲುವವರಿಗೆ ಅದು ಎಲ್ಲಿದೆ ಅಂತ ಸುಮ್ನೆ ಬಾಯಲ್ಲಿ ಹೇಳಬೇಡಿ. ನೀವು ಹತ್ತುವ ಮುಂಚೆ ಅವರ ಕೈಯಲ್ಲೇ ಒಮ್ಮೆ ಇಳಿಸಿ ನೋಡಿಸಿ.