ಸುಸಾನಾಳನ್ನು ಬರೆದವರು: ಯುರೋಪಿನ ಚಿತ್ರಕಲೆಯಲ್ಲಿ ಹೆಣ್ಣು ಮತ್ತು ನಗ್ನತೆ

ಸ್ನೇಹಿತರೇ,

ಇವತ್ತಿನ ವಿಷಯ ಐದು ಶತಮಾನಗಳಷ್ಟು ಹರವುಳ್ಳದ್ದು. ಎಲ್ಲವನ್ನೂ ಒಂದು ಸಂಜೆಯಲ್ಲಿ ಹೇಳಹೊರಟರೆ ಬರೀ ಹೆಸರುಗಳೇ ಉಳಿದಾವು. ಅದಕ್ಕೇ ಒಂದು ಕಥೆಯನ್ನು ಹಿಡಿದುಕೊಂಡು ಹೋಗುತ್ತೇನೆ. ಬೈಬಲ್ಲಿನ ದಾನಿಯೇಲನ ಗ್ರಂಥದಲ್ಲಿ, ಕೆಥೊಲಿಕರ ಪಾಠದ 13ನೇ ಅಧ್ಯಾಯದಲ್ಲಿ ಬರುವ ಸುಸಾನಾಳ ಕಥೆ.

ಸುಸಾನಾ ಬ್ಯಾಬಿಲೋನಿನ ಸಿರಿವಂತನೊಬ್ಬನ ಹೆಂಡತಿ. ಆ ಮನೆಗೆ ದಿನವೂ ಬಂದುಹೋಗುವ ಇಬ್ಬರು ಹಿರಿಯರು ಊರಿನ ನ್ಯಾಯಾಧೀಶರೂ ಹೌದು. ಒಂದು ದಿನ ಅವಳು ತೋಟದಲ್ಲಿ ಸ್ನಾನಕ್ಕೆಂದು ದಾಸಿಯರನ್ನು ಎಣ್ಣೆ ತರಲು ಕಳಿಸಿದಾಗ, ಅಡಗಿದ್ದ ಈ ಇಬ್ಬರೂ ಎದುರಿಗೆ ಬರುತ್ತಾರೆ. ನಮ್ಮ ಇಷ್ಟಕ್ಕೆ ಒಪ್ಪು, ಒಪ್ಪದಿದ್ದರೆ ಯುವಕನೊಬ್ಬನ ಜೊತೆ ಸಿಕ್ಕಿಬಿದ್ದೆ ಎಂದು ಸಾಕ್ಷಿ ಹೇಳುತ್ತೇವೆ ಎಂದು ಬೆದರಿಸುತ್ತಾರೆ. ಅವಳು ಒಪ್ಪುವುದಿಲ್ಲ, ಕೂಗಿಕೊಳ್ಳುತ್ತಾಳೆ. ಹಿರಿಯರ ಮಾತನ್ನೇ ನಂಬಿದ ಜನ ಅವಳಿಗೆ ಮರಣದಂಡನೆ ವಿಧಿಸುತ್ತಾರೆ. ಕೊನೆಗೆ ತರುಣ ದಾನಿಯೇಲ ಇಬ್ಬರನ್ನೂ ಬೇರೆಬೇರೆಯಾಗಿ ನಿಲ್ಲಿಸಿ, ಅವಳನ್ನು ಯಾವ ಮರದ ಕೆಳಗೆ ಕಂಡಿರಿ ಎಂದು ಕೇಳುತ್ತಾನೆ. ಇಬ್ಬರೂ ಒಂದೊಂದು ಮರದ ಹೆಸರು ಹೇಳಿ ಸಿಕ್ಕಿಬೀಳುತ್ತಾರೆ.

ಇದು ಸುಳ್ಳುಸಾಕ್ಷಿಯ ಕಥೆ. ಅಧಿಕಾರದಲ್ಲಿರುವವರು ಅದೇ ಅಧಿಕಾರವನ್ನು ಹೆಣ್ಣಿನ ಮೇಲೆ ಹೂಡುವ ಕಥೆ. ಆದರೆ 16 ಮತ್ತು 17ನೇ ಶತಮಾನದ ಚಿತ್ರಕಾರರು ಇದರಲ್ಲಿ ಮತ್ತೆಮತ್ತೆ ಆರಿಸಿಕೊಂಡದ್ದು ನ್ಯಾಯಸ್ಥಾನದ ಸನ್ನಿವೇಶವನ್ನಲ್ಲ, ಸ್ನಾನದ ಸನ್ನಿವೇಶವನ್ನು. ಧರ್ಮಗ್ರಂಥದ ಕಥೆಯೆಂದರೆ ಗೋಡೆಯ ಮೇಲೆ ತೂಗುಹಾಕಲು ಯಾರ ಅಡ್ಡಿಯೂ ಇರಲಿಲ್ಲ. ಗ್ರೀಕ್, ರೋಮನ್ ದೇವತೆಗಳ ಹೆಸರೂ ಇದೇ ಕೆಲಸ ಮಾಡುತ್ತಿತ್ತು. ವೆನಿಸ್ಸಿನ ಚಿತ್ರಕಾರ ಟಿಷಿಯನ್ 1538ರಲ್ಲಿ ಮುಗಿಸಿದ ‘ಉರ್ಬಿನೊದ ವೀನಸ್’ ಚಿತ್ರವನ್ನು ಕೊಂಡ, ಮುಂದೆ ಉರ್ಬಿನೊದ ದೊರೆಯಾದ ಗುಯಿದೊಬಾಲ್ದೊ ತನ್ನ ಪತ್ರದಲ್ಲಿ ಅದನ್ನು ಕರೆದದ್ದು ‘ನಗ್ನ ಸ್ತ್ರೀ’ ಎಂದಷ್ಟೇ. ವೀನಸ್ ಎಂಬ ಹೆಸರು ಅಂಟಿದ್ದು ಆಮೇಲೆ.

ಈಗ ಪರದೆಯ ಮೇಲಿರುವುದು ವೆನಿಸ್ಸಿನದೇ ಚಿತ್ರಕಾರ ಟಿಂಟೊರೆಟ್ಟೊನ ಸುಸಾನಾ. 1555ರ ಆಸುಪಾಸಿನ ಚಿತ್ರ, ವಿಯೆನ್ನಾದ ಕಲಾಇತಿಹಾಸ ವಸ್ತುಸಂಗ್ರಹಾಲಯದಲ್ಲಿದೆ. ಚಿತ್ರದ ಬೆಳಕೆಲ್ಲ ಅವಳ ಮೈಮೇಲೆ. ಒಂದು ಕಾಲು ನೀರಿನಲ್ಲಿ, ಕೈಗಳಲ್ಲಿ ಬಳೆ, ಪಕ್ಕದಲ್ಲಿ ಬಾಚಣಿಗೆ, ಮುತ್ತು. ಎದುರಿಗೆ ಹೂಬೇಲಿಗೆ ಒರಗಿಸಿದ ಕನ್ನಡಿ. ಬೇಲಿಯ ಆ ತುದಿಗೊಬ್ಬ, ಈ ತುದಿಗೊಬ್ಬ ಮುದುಕ. ಅವಳು ಕನ್ನಡಿಯಲ್ಲಿ ಮುಳುಗಿದ್ದಾಳೆ, ಏನೂ ಗೊತ್ತಿಲ್ಲ. ಬಣ್ಣಗಾರಿಕೆಯಲ್ಲಿ ಇದು ಅದ್ಭುತವಾದ ಚಿತ್ರ, ಅದರ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಆದರೆ ಇದು ನಮ್ಮನ್ನು ಎಲ್ಲಿ ನಿಲ್ಲಿಸುತ್ತದೆ ಎಂದು ನೋಡಿ. ಮುದುಕರಿಬ್ಬರೂ ಕತ್ತು ಚಾಚಿ, ನೆಲಕ್ಕೆ ಬಗ್ಗಿ, ಕಷ್ಟಪಟ್ಟು ಕದ್ದು ನೋಡಬೇಕಾದದ್ದು ನಮಗೆ ನೇರ ಎದುರಿಗಿದೆ. ಆ ಕನ್ನಡಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಅವಳೇ ತನ್ನ ಚೆಲುವನ್ನು ನೋಡಿಕೊಂಡು ಮೈಮರೆತಿರುವಾಗ ಬೇರೆಯವರು ನೋಡಿದರೆ ತಪ್ಪೇನು ಎಂಬ ಸಬೂಬನ್ನು ಚಿತ್ರವೇ ಒದಗಿಸಿಕೊಡುತ್ತದೆ. ಗ್ರಂಥದಲ್ಲಿ ಎಲ್ಲೂ ಇಲ್ಲದ ಕನ್ನಡಿ ಅದು.

ಮುಂದಿನ ಚಿತ್ರಕ್ಕೆ ಹೋಗೋಣ. 1610, ರೋಮ್. ಬರೆದವಳು ಆರ್ಟಿಮೀಸಿಯಾ ಜೆಂಟಿಲೆಸ್ಕಿ, ಆಗ 17ರ ಹುಡುಗಿ. ಚಿತ್ರಕಾರನಾಗಿದ್ದ ತಂದೆ ಒರಾಜಿಯೊನ ಹತ್ತಿರ ಮನೆಯಲ್ಲೇ ಕಲಿತವಳು. ಈ ಚಿತ್ರದಲ್ಲಿ ತಂದೆಯ ಕೈಯೂ ಆಡಿದೆ ಎನ್ನುವವರಿದ್ದಾರೆ, ಆದರೆ ಸಹಿ ಅವಳದು. ಇಂದು ಅದು ಜರ್ಮನಿಯ ಪೊಮ್ಮರ್ಸ್‌ಫೆಲ್ಡೆನ್ನಿನಲ್ಲಿದೆ.

ಇಲ್ಲಿ ತೋಟವಿಲ್ಲ, ಹೂವಿಲ್ಲ, ಕನ್ನಡಿಯಿಲ್ಲ. ಒಂದು ಕಲ್ಲಿನ ಕಟ್ಟೆ, ಹಿಂದೆ ಕಲ್ಲಿನ ಗೋಡೆ. ಗೋಡೆಯ ಮೇಲಿಂದ ಇಬ್ಬರು ಗಂಡಸರು ಅವಳ ಮೇಲೆ ಬಾಗಿದ್ದಾರೆ. ಒಬ್ಬ ಇನ್ನೊಬ್ಬನ ಕಿವಿಯಲ್ಲಿ ಪಿಸುಗುಡುತ್ತಾನೆ, ಇನ್ನೊಬ್ಬ ತುಟಿಗೆ ಬೆರಳಿಟ್ಟು ಸುಮ್ಮನಿರು ಎನ್ನುತ್ತಾನೆ. ಸುಸಾನಾ ಸೊಂಟದಿಂದ ತಿರುಚಿಕೊಂಡು, ಮುಖ ಆಚೆ ಹೊರಳಿಸಿ, ಎರಡೂ ಕೈಗಳನ್ನು ಎತ್ತಿ ತಡೆಯುತ್ತಿದ್ದಾಳೆ. ಹೊಟ್ಟೆಯ ಮಡಿಕೆ, ಎದೆಯ ಭಾರ, ತಿರುಗಿದ ಕತ್ತಿನ ನೆರಿಗೆ, ಎಲ್ಲವೂ ನಿಜವಾದ ಹೆಂಗಸಿನ ಮೈಯವು. ಟಿಂಟೊರೆಟ್ಟೊನ ಸುಸಾನಾಳಷ್ಟೇ ಇವಳೂ ಬೆತ್ತಲೆ. ಆದರೂ ಈ ಚಿತ್ರದ ಮುಂದೆ ನಿಂತವರಿಗೆ ಆರಾಮಾಗಿ ನೋಡುತ್ತ ನಿಲ್ಲಲು ಆಗುವುದಿಲ್ಲ. ಬಟ್ಟೆ ಇದೆಯೋ ಇಲ್ಲವೋ ಎಂಬುದರ ಮೇಲೆ ಚಿತ್ರದ ಮರ್ಯಾದೆ ನಿಂತಿಲ್ಲ ಎಂದು ನನಗೆ ಮನವರಿಕೆ ಮಾಡಿಕೊಟ್ಟ ಚಿತ್ರ ಇದು.

ಇದನ್ನು ಬರೆದ ಮರುವರ್ಷ, 1611ರಲ್ಲಿ, ತಂದೆಯ ಜೊತೆ ಕೆಲಸ ಮಾಡುತ್ತಿದ್ದ ಚಿತ್ರಕಾರ ಅಗೊಸ್ಟಿನೊ ತಾಸ್ಸಿ ಅವಳ ಮೇಲೆ ಅತ್ಯಾಚಾರ ಮಾಡಿದ. 1612ರಲ್ಲಿ ರೋಮಿನ ನ್ಯಾಯಾಲಯದಲ್ಲಿ ತಿಂಗಳುಗಟ್ಟಲೆ ವಿಚಾರಣೆ ನಡೆಯಿತು, ಅದರ ದಾಖಲೆ ಉಳಿದಿದೆ. ಅವಳ ಹೇಳಿಕೆ ಸತ್ಯವೇ ಎಂದು ಪರೀಕ್ಷಿಸಲು ಅವಳ ಬೆರಳುಗಳಿಗೇ ದಾರ ಸುತ್ತಿ ಬಿಗಿದರು. ಕುಂಚ ಹಿಡಿಯುವ ಬೆರಳುಗಳು. ಬಿಗಿಯುತ್ತಿದ್ದಾಗ ಅವಳು ‘ನಿಜ, ನಿಜ’ ಎಂದೇ ಹೇಳುತ್ತಿದ್ದಳು. ತಾಸ್ಸಿಗೆ ಗಡೀಪಾರಿನ ಶಿಕ್ಷೆಯಾಯಿತು, ಅದು ಸರಿಯಾಗಿ ಜಾರಿಯಾಗಲಿಲ್ಲ. ಅವಳ ಚಿತ್ರಗಳನ್ನೆಲ್ಲ ಈ ಒಂದು ಘಟನೆಯಿಂದಲೇ ಓದುವ ಅಭ್ಯಾಸವಿದೆ. ಅದಕ್ಕೆ ನನ್ನ ಒಪ್ಪಿಗೆಯಿಲ್ಲ. ಸುಸಾನಾಳ ಚಿತ್ರ ಘಟನೆಗಿಂತ ಮುಂಚಿನದು. ಅವಳು ಕಂಡದ್ದನ್ನು ಕಾಣಲು ಅತ್ಯಾಚಾರಕ್ಕೆ ಒಳಗಾಗಬೇಕಿರಲಿಲ್ಲ, ಆ ಕಾಲದ ಬೀದಿಯಲ್ಲಿ ಹುಡುಗಿಯಾಗಿ ನಡೆದಿದ್ದರೆ ಸಾಕಿತ್ತು. ಮುಂದೆ 1616ರಲ್ಲಿ ಫ್ಲಾರೆನ್ಸಿನ ಚಿತ್ರಕಲಾ ಅಕಾಡೆಮಿಯ ಮೊದಲ ಸದಸ್ಯೆಯಾದಳು. 1649ರಲ್ಲಿ ಮೆಸ್ಸಿನಾದ ಪೋಷಕ ಅಂತೋನಿಯೊ ರುಫ್ಫೊಗೆ ಬರೆದ ಪತ್ರಗಳಲ್ಲಿ, ಒಬ್ಬ ಹೆಣ್ಣು ಏನು ಮಾಡಬಲ್ಲಳು ಎಂಬುದನ್ನು ತೋರಿಸುತ್ತೇನೆ ಎನ್ನುತ್ತಾಳೆ. ರೂಪದರ್ಶಿ ಹೆಂಗಸರಿಗೆ ತಗಲುವ ಖರ್ಚಿನ ಬಗ್ಗೆ ಗೊಣಗುತ್ತಾಳೆ ಕೂಡ. ದುಡಿದು ತಿನ್ನುವ ಕಲಾವಿದೆಯ ಮಾತು ಅದು, ನನಗೆ ಬಹಳ ಇಷ್ಟ.

ಹಾಗಾದರೆ ಇಂಥವರು ಯಾಕೆ ಇಷ್ಟು ಕಡಿಮೆ? ಉತ್ತರ ತರಗತಿಯ ಬಾಗಿಲಲ್ಲಿದೆ. ಅಕಾಡೆಮಿಗಳಲ್ಲಿ ಪುರಾಣ, ಬೈಬಲ್, ಇತಿಹಾಸದ ದೊಡ್ಡ ಚಿತ್ರಗಳಿಗೇ ಮೇಲಿನ ಸ್ಥಾನ. ಅವನ್ನು ಬರೆಯಲು ಬೆತ್ತಲೆ ದೇಹವನ್ನು ಎದುರಿಗೆ ನಿಲ್ಲಿಸಿಕೊಂಡು ಕಲಿಯಬೇಕು. ಹೆಣ್ಣುಮಕ್ಕಳಿಗೆ ಆ ತರಗತಿಗೇ ಪ್ರವೇಶವಿರಲಿಲ್ಲ. ಲಂಡನ್ನಿನ ರಾಯಲ್ ಅಕಾಡೆಮಿ 1768ರಲ್ಲಿ ಶುರುವಾದಾಗ ಸ್ಥಾಪಕರಲ್ಲಿ ಏಂಜೆಲಿಕಾ ಕೌಫ್ಮನ್ ಮತ್ತು ಮೇರಿ ಮೋಸರ್ ಎಂಬ ಇಬ್ಬರು ಹೆಂಗಸರಿದ್ದರು. ಕೆಲವೇ ವರ್ಷಗಳಲ್ಲಿ ಯೋಹಾನ್ ಜೊಫನಿ ಸದಸ್ಯರ ಗುಂಪುಚಿತ್ರ ಬರೆದ. ಗಂಡಸರೆಲ್ಲ ನಗ್ನ ರೂಪದರ್ಶಿಯ ಸುತ್ತ ಸೇರಿದ್ದಾರೆ, ಈ ಇಬ್ಬರು ಮಾತ್ರ ಗೋಡೆಯ ಮೇಲಿನ ಭಾವಚಿತ್ರಗಳಾಗಿದ್ದಾರೆ. ಸಂಸ್ಥೆ ಕಟ್ಟಿದವರೇ ಕೋಣೆಯೊಳಗೆ ಇರುವಂತಿಲ್ಲ! ಇವರ ಬಳಿಕ ಮತ್ತೊಬ್ಬ ಮಹಿಳೆ ಪೂರ್ಣ ಸದಸ್ಯೆಯಾಗಿ ಆಯ್ಕೆಯಾದದ್ದು 1936ರಲ್ಲಿ, ಲಾರಾ ನೈಟ್. ಪ್ಯಾರಿಸ್ಸಿನ ಸರ್ಕಾರಿ ಕಲಾಶಾಲೆ ವಿದ್ಯಾರ್ಥಿನಿಯರನ್ನು ಸೇರಿಸಿಕೊಂಡದ್ದು 1897ರಲ್ಲಿ. ಅಲ್ಲಿಯವರೆಗೆ ಹೂವು, ಹಣ್ಣು, ಭಾವಚಿತ್ರ ಬರೆದುಕೊಂಡಿರಿ ಎಂದವರೇ, ಹೆಂಗಸರಿಗೆ ದೊಡ್ಡ ವಸ್ತು ಒಗ್ಗುವುದಿಲ್ಲ ಎಂದೂ ಹೇಳಿದರು.

ಎದುರಿಗೆ ನಿಲ್ಲಿಸಿಕೊಂಡ ಆ ದೇಹಕ್ಕೂ ಒಂದು ಹೆಸರಿತ್ತು. ಫ್ರೆಂಚ್ ಚಿತ್ರಕಾರ ಎಡ್ವಾರ್ ಮಾನೆಯ ‘ಒಲಿಂಪಿಯಾ’ 1865ರಲ್ಲಿ ಪ್ಯಾರಿಸ್ಸಿನ ಸಲೋನ್ ಎಂಬ ಅಧಿಕೃತ ಕಲಾಪ್ರದರ್ಶನದಲ್ಲಿ ಗಲಾಟೆ ಎಬ್ಬಿಸಿತು. ಎರಡು ವರ್ಷ ಮುಂಚೆ ಅದೇ ಸಲೋನಿನಲ್ಲಿ ಅಲೆಗಳ ಮೇಲೆ ಬೆತ್ತಲೆ ಮಲಗಿದ ಕಬಾನೆಲ್‌ನ ವೀನಸ್ಸನ್ನು ಚಕ್ರವರ್ತಿ ಮೂರನೇ ನೆಪೋಲಿಯನ್ನನೇ ಕೊಂಡಿದ್ದ. ಒಲಿಂಪಿಯಾ ದೇವತೆಯಲ್ಲ, ಪ್ಯಾರಿಸ್ಸಿನ ವೇಶ್ಯೆ. ನೋಡುವವರನ್ನು ನೆಟ್ಟ ದೃಷ್ಟಿಯಿಂದ ತಿರುಗಿ ನೋಡುತ್ತಾಳೆ, ಜನರಿಗೆ ತಡೆಯಲಾಗದ್ದು ಅದೇ. ರೂಪದರ್ಶಿ ವಿಕ್ಟೊರಿನ್ ಮೊರಾಂ. ಆಕೆ ಸ್ವತಃ ಚಿತ್ರಕಾರ್ತಿಯಾಗಿದ್ದಳು. 1876ರ ಸಲೋನ್ ಆಕೆಯ ಸ್ವಂತ ಭಾವಚಿತ್ರವನ್ನು ಸ್ವೀಕರಿಸಿತು, ಮಾನೆಯ ಚಿತ್ರಗಳನ್ನು ಆ ವರ್ಷ ತಿರಸ್ಕರಿಸಿತ್ತು. ಹೂಗುಚ್ಛ ಹಿಡಿದು ನಿಂತ ಕಪ್ಪು ಹೆಣ್ಣಿನ ಹೆಸರು ಲೋರ್. ಮಾನೆ ತನ್ನ ಟಿಪ್ಪಣಿ ಪುಸ್ತಕದಲ್ಲಿ ಅವಳ ಹೆಸರು, ವಿಳಾಸ ಎರಡನ್ನೂ ಗುರುತುಹಾಕಿಕೊಂಡಿದ್ದ. ಆದರೂ ನೂರಕ್ಕೂ ಹೆಚ್ಚು ವರ್ಷ ಇವಳು ಬರೀ ‘ಸೇವಕಿ’ಯಾಗಿಯೇ ಉಳಿದಳು. 2019ರಲ್ಲಿ ಪ್ಯಾರಿಸ್ಸಿನ ಓರ್ಸೇ ವಸ್ತುಸಂಗ್ರಹಾಲಯ ಕಪ್ಪು ರೂಪದರ್ಶಿಗಳ ಬಗ್ಗೆ ದೊಡ್ಡ ಪ್ರದರ್ಶನ ಮಾಡಿದಾಗ ಅವಳ ಹೆಸರು ಮುಂದೆ ಬಂತು.

ಕೊನೆಯದಾಗಿ ಫ್ರೆಂಚ್ ಚಿತ್ರಕಾರ್ತಿ ಸುಜಾನ್ ವಲಾಡೋನ್. ಬಟ್ಟೆ ಒಗೆಯುವ ಹೆಂಗಸಿನ ಮಗಳು, ಚಿತ್ರಕಾರರಾದ ರೆನ್ವಾರ್ ಮತ್ತು ತುಲೂಸ್-ಲೊತ್ರೆಕ್‌ಗೆ ರೂಪದರ್ಶಿಯಾಗಿದ್ದವಳು. ಕಲಾಶಾಲೆಗೆ ಹೋದವಳಲ್ಲ, ನಿಂತಲ್ಲೇ ನೋಡಿ ಕಲಿತಳು. ಚಿತ್ರಕಾರ ದೆಗಾ ಅವಳ ರೇಖಾಚಿತ್ರಗಳನ್ನು ಕಂಡು ಬೆನ್ನುತಟ್ಟಿದ. 1923ರ ‘ನೀಲಿ ಕೋಣೆ’ಯಲ್ಲಿ ವೀನಸ್ ಮಲಗುವ ಭಂಗಿಯಲ್ಲೇ ಒಬ್ಬ ಹೆಂಗಸು ಒರಗಿದ್ದಾಳೆ, ಆದರೆ ಪಟ್ಟೆ ಪೈಜಾಮ ತೊಟ್ಟು, ಬಾಯಲ್ಲಿ ಸಿಗರೇಟಿಟ್ಟುಕೊಂಡು, ಕಾಲ ಬಳಿ ಪುಸ್ತಕ ಹಾಕಿಕೊಂಡು. ಯಾರಿಗಾಗಿಯೂ ಮಲಗಿದವಳಲ್ಲ.

ಇದಕ್ಕೂ ಮುಂಚೆ, 1909ರಲ್ಲಿ, ವಲಾಡೋನ್ ‘ಆದಾಮ ಮತ್ತು ಏವಾ’ ಬರೆದಳು. ಏವಾ ತಾನೇ, 44 ವರ್ಷದವಳು. ಆದಾಮ ಅವಳ ಪ್ರಿಯಕರ ಆಂದ್ರೆ ಉಟ್ಟರ್, ಅವಳಿಗಿಂತ 21 ವರ್ಷ ಚಿಕ್ಕವನು. ಹೆಣ್ಣೊಬ್ಬಳು ತನ್ನನ್ನೂ ತಾನು ಬಯಸಿದ ಗಂಡನ್ನೂ ಒಟ್ಟಿಗೆ ಬೆತ್ತಲೆಯಾಗಿ ಬರೆದ ಚಿತ್ರ. 1920ರಲ್ಲಿ ಅದನ್ನು ಪ್ರದರ್ಶನಕ್ಕೆ ಇಡುವಾಗ ಆದಾಮನ ಸೊಂಟಕ್ಕೆ ಎಲೆಗಳ ಸಾಲೊಂದನ್ನು ಬರೆದು ಮುಚ್ಚಬೇಕಾಯಿತು. ಏವಾ ಮೊದಲು ಹೇಗಿದ್ದಳೋ ಹಾಗೆಯೇ ಉಳಿದಳು.