ಎದ್ದು ನಡೆಯಲು ಶುರು ಮಾಡಿದವರ ಮೇಲೆ ಕಣ್ಣಿರಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ರಾಯಚೂರಿನಲ್ಲಿ ಫಿಸಿಯೋಥೆರಪಿ ಕೆಲಸ ಮಾಡುವವಳು. ಲಕ್ವ ಹೊಡೆದವರು, ಬಿದ್ದು ತೊಡೆಯ ಎಲುಬು ಮುರಿದು ಆಪರೇಷನ್ ಆದವರು ನಮ್ಮ ಹತ್ತಿರ ಬರುತ್ತಾರೆ. ಮನೆಯವರು ಮೊದಲು ಕೇಳುವುದು ಒಂದೇ ಮಾತು: "ಮೇಡಂ, ಯಾವಾಗ ನಡೀತಾರ್ರೀ?" ಕೇಳಬೇಕಾದ ಪ್ರಶ್ನೆಯೇ. ಆದರೆ ಅದರ ಬೆನ್ನಿಗೇ ಇನ್ನೊಂದನ್ನೂ ಕೇಳಬೇಕು: "ನಡೆಯುವಾಗ ಬೀಳುವ ಭಯ ಎಷ್ಟಿದೆ?"

ಹಾಸಿಗೆಯಿಂದ ಏಳಲಾಗದವರು ಬೀಳುವುದು ಕಡಿಮೆ. ಗಟ್ಟಿಯಾಗಿ ಓಡಾಡುವವರೂ ಅಷ್ಟಾಗಿ ಬೀಳುವುದಿಲ್ಲ. ಅರ್ಧ ಸುಧಾರಿಸಿದವರಿದ್ದಾರಲ್ಲ, ಅವರದೇ ಚಿಂತೆ. ಏಳುವ ಧೈರ್ಯ ಬಂದಿರುತ್ತದೆ, ಕಾಲಿಗೆ ಇನ್ನೂ ಬಲ ಬಂದಿರುವುದಿಲ್ಲ. ಮನೆಯವರು "ಈಗ ಆರಾಮ ಆಗ್ಯಾರ" ಎಂದು ಚಹಾ ಕುಡಿಯಲು ಕೆಳಗೆ ಹೋಗಿರುತ್ತಾರೆ.

ಅದಕ್ಕೇ ನಾವು ಎರಡನ್ನೂ ಬೇರೆ ಬೇರೆ ಅಳೆಯುತ್ತೇವೆ.

ಮೊದಲನೆಯದು, ತಮ್ಮ ಕೆಲಸ ತಾವು ಎಷ್ಟು ಮಾಡಿಕೊಳ್ಳುತ್ತಾರೆ ಎನ್ನುವುದು. ಇದಕ್ಕೆ ಬಾರ್ಥೆಲ್ ಸೂಚ್ಯಂಕ ಎಂಬ ಪಟ್ಟಿ ಇದೆ. ಅಮೆರಿಕದ ಫ್ಲಾರೆನ್ಸ್ ಮಹೋನಿ ಮತ್ತು ಡೊರೊತಿಯಾ ಬಾರ್ಥೆಲ್ 1965ರಲ್ಲಿ ಇದನ್ನು ಪ್ರಕಟಿಸಿದರು. ಊಟ, ಸ್ನಾನ, ಬಟ್ಟೆ, ಶೌಚ, ಹಾಸಿಗೆಯಿಂದ ಕುರ್ಚಿಗೆ ಹೋಗುವುದು, ನಡಿಗೆ, ಮೆಟ್ಟಿಲು ಹೀಗೆ 10 ವಿಷಯ, ಒಟ್ಟು 100 ಅಂಕ. ಪಕ್ಕದಲ್ಲಿ ಒಬ್ಬರು ನಿಂತು ನೋಡುತ್ತಿರಬೇಕು ಎಂದಾದರೂ ಆ ಕೆಲಸಕ್ಕೆ ಪೂರ್ತಿ ಅಂಕ ಸಿಗುವುದಿಲ್ಲ.

ಊಟದ ವಿಷಯವನ್ನೇ ನೋಡಿ. ನಮ್ಮ ಕಡೆ ಊಟ ಎಂದರೆ ಜೋಳದ ರೊಟ್ಟಿ. ಬಿಸಿ ರೊಟ್ಟಿ ಮುರಿಯಲು ಒಂದು ಕೈ ಹಿಡಿಯಬೇಕು, ಇನ್ನೊಂದು ಕೈ ಹರಿಯಬೇಕು. ಒಂದು ಕೈ ಸ್ವಾಧೀನ ತಪ್ಪಿದವರು ಏನು ಮಾಡುತ್ತಾರೆ? ರೊಟ್ಟಿಯನ್ನು ಅಂಗೈ ಕೆಳಗೆ ಒತ್ತಿಕೊಂಡು ಬೆರಳಿನಿಂದ ಮುರಿಯುತ್ತಾರೆ. ಕಟಕ ರೊಟ್ಟಿಯಾದರೆ ಸುಲಭ, ಪಟ್ಟನೆ ಮುರಿಯುತ್ತದೆ. ನಾನು ಎದುರಿಗೆ ಕುಳಿತು ಇದನ್ನೇ ಗಮನಿಸುತ್ತೇನೆ. ಅಷ್ಟರಲ್ಲಿ ಮಗಳೋ ಸೊಸೆಯೋ ಬಂದು ರೊಟ್ಟಿ ಮುರಿದು, ಪಲ್ಯ ಹಚ್ಚಿ ಬಾಯಿಗೇ ಇಟ್ಟುಬಿಡುತ್ತಾರೆ. "ನಾವು ಅದೀವಲ್ರೀ, ಅಪ್ಪಗ್ಯಾಕ ತ್ರಾಸು?" ಅವರ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಈ ಪಟ್ಟಿಯಲ್ಲಿ ನಾವು ಬರೆಯುವುದು ರೋಗಿ ದಿನಾ ನಿಜವಾಗಿ ಏನು ಮಾಡುತ್ತಾರೋ ಅದನ್ನು. ನೀವೇ ಎಲ್ಲ ಮಾಡಿಕೊಟ್ಟರೆ ಅಂಕವೂ ಏರುವುದಿಲ್ಲ, ಕೈಯೂ ಪಳಗುವುದಿಲ್ಲ.

ಇನ್ನೊಂದು ವಿಷಯಕ್ಕೆ ಈ ಪಟ್ಟಿ ಸಾಲದು. ಕುಕ್ಕರಗಾಲಲ್ಲಿ ಕೂರುವ ಶೌಚಾಲಯದ ಬಗ್ಗೆ, ನೆಲದ ಮೇಲೆ ಕೂತು ಏಳುವುದರ ಬಗ್ಗೆ ಅದರಲ್ಲಿ ಬೇರೆ ಪ್ರಶ್ನೆಯೇ ಇಲ್ಲ. ನಮ್ಮವರ ಪಾಲಿಗೆ ದಿನದ ಅತಿ ಕಷ್ಟದ ಕೆಲಸ ಅದೇ ಅಲ್ವಾ? ಅದನ್ನು ನಾವೇ ಕೇಳಿ ತಿಳಿದುಕೊಳ್ಳಬೇಕು, ನೀವೂ ನೀವಾಗಿಯೇ ಹೇಳಬೇಕು.

ಇನ್ನು ಬೀಳುವ ಭಯದ ಅಳತೆ. ಆಸ್ಪತ್ರೆಗಳಲ್ಲಿ ನರ್ಸ್‌ಗಳು ಜಾಸ್ತಿ ಬಳಸುವ ಪಟ್ಟಿಗಳಲ್ಲಿ ಮೋರ್ಸ್ ಮಾಪಕ ಒಂದು. ಪ್ರಶ್ನೆ ಆರೇ. ಇತ್ತೀಚೆಗೆ ಬಿದ್ದಿದ್ದರೆ 25 ಅಂಕ. ಎರಡನೆಯ ಕಾಯಿಲೆ ಇದ್ದರೆ 15. ಸಲಾಯಿನ್ ಸೂಜಿ ಇದ್ದರೆ 20. ಕೋಲು, ವಾಕರ್ ಹಿಡಿದು ನಡೆದರೆ 15, ಮಂಚ, ಕುರ್ಚಿ ಹಿಡಿದು ನಡೆದರೆ 30. ಹೌದು, ಮಂಚ ಹಿಡಿಯುವವರಿಗೇ ದುಪ್ಪಟ್ಟು. ಕೋಲು ಜೊತೆಗೇ ಬರುತ್ತದೆ, ಮಂಚ ಬರುವುದಿಲ್ಲ. ನಡಿಗೆ ಹೇಗಿದೆ, ತನ್ನ ಶಕ್ತಿ ಎಷ್ಟು ಎಂಬ ಅರಿವಿದೆಯೇ ಎನ್ನುವುದು ಉಳಿದ ಎರಡು. ಇಲ್ಲಿ ಅಂಕ ಏರಿದಷ್ಟೂ ಅಪಾಯ. ಸಾಮಾನ್ಯವಾಗಿ 45 ದಾಟಿದರೆ ಹೆಚ್ಚಿನ ಅಪಾಯ ಎಂದು ಹಿಡಿಯುತ್ತಾರೆ. ಹೋದ ತಿಂಗಳು ಬಿದ್ದವರು, ಶುಗರ್ ಕೂಡ ಇದೆ, ಮಂಚ ಹಿಡಿದು ನಡೆಯುತ್ತಾರೆ ಎಂದರೆ ಅಲ್ಲಿಗೇ 70.

ಆ ಕೊನೆಯ ಪ್ರಶ್ನೆ, ಅಂದರೆ ತನ್ನ ಶಕ್ತಿಯ ಅರಿವು, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಮಿದುಳಿನ ಬಲಭಾಗಕ್ಕೆ ಪೆಟ್ಟಾಗಿ ಎಡಗೈ ಎಡಗಾಲು ಬಿದ್ದವರಲ್ಲಿ ಕೆಲವರಿಗೆ ಎಡಗಡೆ ಇದೆ ಎನ್ನುವುದೇ ಗಮನಕ್ಕೆ ಬರುವುದಿಲ್ಲ. ಮಾತು ಚೆನ್ನಾಗಿಯೇ ಇರುತ್ತದೆ. "ನಾ ಒಬ್ನೇ ಹೋಗ್ತೀನಿ ಬಿಡು" ಎಂದರೆ ಮನೆಯವರು ನಂಬುತ್ತಾರೆ. ಎಡಗಾಲಿನ ಚಪ್ಪಲಿ ಕಳಚಿದ್ದೂ ಅವರಿಗೆ ಗೊತ್ತಾಗುವುದಿಲ್ಲ, ಬಾಗಿಲ ಚೌಕಟ್ಟಿಗೆ ಎಡ ಭುಜ ಬಡಿಯುತ್ತದೆ. ಇಂಥವರನ್ನು ಮಾತು ಕೇಳಿ ಬಿಟ್ಟುಬಿಡಬೇಡಿ, ನಡಿಗೆ ನೋಡಿ.

ನಡಿಗೆ ನೋಡಲು ಸರಳವಾದ ಪರೀಕ್ಷೆ ಇದೆ. ಕೈ ಇರುವ ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಮತ್ತೆ ಕೂರಬೇಕು. ವಯಸ್ಸಾದವರಿಗೆ 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬೀಳುವ ಭಯ ಇದೆ ಎಂದು ತಿಳಿಯುತ್ತೇವೆ. ನನ್ನ ಕಣ್ಣು ಗಡಿಯಾರಕ್ಕಿಂತ ಅವರ ಪಾದದ ಮೇಲಿರುತ್ತದೆ. ತಿರುಗುವಾಗ ಚಿಕ್ಕ ಚಿಕ್ಕ ಹೆಜ್ಜೆ ಇಡುತ್ತಾ ತಡವರಿಸುತ್ತಾರಾ? ಕೂರುವಾಗ ಕುರ್ಚಿ ಕಾಲಿಗೆ ತಾಗುವ ಮೊದಲೇ ಧೊಪ್ಪನೆ ಬೀಳುತ್ತಾರಾ? ಇದನ್ನು ಮನೆಯಲ್ಲಿ ಸುಮ್ನೆ ಮಾಡಿಸಿ ನೋಡಬೇಡಿ, ಪಕ್ಕದಲ್ಲಿ ತಿಳಿದವರು ಇರಬೇಕು.

ಬಿಪಿಯನ್ನೂ ಮಲಗಿದಾಗ ಒಮ್ಮೆ, ನಿಂತ ಮೇಲೆ 3 ನಿಮಿಷದೊಳಗೆ ಒಮ್ಮೆ ನೋಡಬೇಕು. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ತಲೆ ಸುತ್ತಿ ಬೀಳಬಹುದು. ನಮ್ಮ ಬಿಸಿಲಿನಲ್ಲಿ ನೀರು ಕಡಿಮೆ ಕುಡಿದು, ಬಿಪಿ ಮಾತ್ರೆ ನುಂಗಿ, ರಾತ್ರಿ ಒಮ್ಮೆಲೇ ಎದ್ದು ಬಚ್ಚಲಿಗೆ ಹೊರಟರೆ ಇದೇ ಆಗುವುದು. ಎದ್ದು ಮಂಚದ ಅಂಚಿಗೆ ಸ್ವಲ್ಪ ಹೊತ್ತು ಕೂತು, ಆಮೇಲೆ ನಿಲ್ಲಲಿ.

ಒಮ್ಮೆ ಅಳೆದರೆ ಮುಗಿಯಲಿಲ್ಲ. ಮಾತ್ರೆ ಬದಲಾದಾಗ, ವಾರ್ಡ್ ಬದಲಾದಾಗ, ವಾಕರ್ ಬಿಟ್ಟು ಕೋಲು ಹಿಡಿದಾಗ ಮತ್ತೆ ನೋಡಬೇಕು. ಒಮ್ಮೆ ಬಿದ್ದರಂತೂ ನೋಡಲೇಬೇಕು.

ಡಿಸ್ಚಾರ್ಜ್ ಮುಂಚೆ ನಿಮ್ಮಿಂದ ನನಗೆ ಬೇಕಾದದ್ದು ಇಷ್ಟು. ಮನೆಯ ಹೊಸ್ತಿಲು ಎಷ್ಟು ಎತ್ತರ, ಮಂಚದಿಂದ ಬಚ್ಚಲಿಗೆ ಎಷ್ಟು ಹೆಜ್ಜೆ, ನೆಲಕ್ಕೆ ಶಹಾಬಾದ್ ಕಲ್ಲು ಹಾಸಿದ್ದೀರಾ, ನೀರು ಬಿದ್ದರೆ ಜಾರುತ್ತದಾ, ರಾತ್ರಿ ದೀಪ ಇರುತ್ತದಾ, ಇವನ್ನು ನೋಡಿಕೊಂಡು ಬಂದು ಹೇಳಿ. ಮೊಬೈಲಿನಲ್ಲಿ ಫೋಟೋ ತಂದರೆ ಇನ್ನೂ ಒಳ್ಳೆಯದು. ಅದೇ ಎತ್ತರದ ಮೆಟ್ಟಿಲನ್ನು ಆಸ್ಪತ್ರೆಯಲ್ಲೇ ಹತ್ತಿಸಿ ಇಳಿಸಿ, ಅಭ್ಯಾಸ ಮಾಡಿಸಿ ಕಳಿಸುತ್ತೇವೆ.

ನಮಸ್ಕಾರ.